ಕನ್ನಡ ಮಾಧ್ಯಮದಿಂದ ಬಂದವಳಿಗೆ ಪ್ಲಸ್ ವನ್ ಸೈನ್ಸ್ ತಲೆಗೆ ಹತ್ತುತ್ತಿಲ್ಲ, ಹ್ಯುಮಾನಿಟೀಸ್‌ಗೆ ಬದಲಾಯಿಸಲಾ?

ನೀನು ಕೇಳಿದ್ದು ಇಷ್ಟು. ಕಾಸರಗೋಡಿನ ಒಂದು ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಗ್ರೇಡ್, ಆಸೆಪಟ್ಟು ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಸೈನ್ಸ್ ತೆಗೆದುಕೊಂಡೆ, ಈಗ ಕ್ಲಾಸಿನಲ್ಲಿ ಏನೂ ಅರ್ಥ ಆಗುತ್ತಿಲ್ಲ, ಹ್ಯುಮಾನಿಟೀಸ್‌ಗೆ ಹೋಗಲಾ ಅಂತ. ನನ್ನ ವಿದ್ಯಾರ್ಥಿಗಳ ವಯಸ್ಸಿನವಳು ನೀನು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವನು, ಈಗ ಮಂಜೇಶ್ವರ ತಾಲೂಕಿನ ಒಂದು ಹೈಯರ್ ಸೆಕೆಂಡರಿಯಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಪ್ರತಿ ವರ್ಷ ಕ್ಲಾಸ್ ಶುರುವಾಗಿ ಸ್ವಲ್ಪ ದಿನಕ್ಕೆ ನಿನ್ನ ಹಾಗೆ ಮುಖ ಸಣ್ಣ ಮಾಡಿಕೊಂಡು ಯಾರಾದರೂ ಸ್ಟಾಫ್ ರೂಮಿಗೆ ಬಂದೇ ಬರುತ್ತಾರೆ.

ಈ ಕಾರಣಕ್ಕೆ ಬದಲಾಯಿಸಬೇಡ. ಇತಿಹಾಸ, ಅರ್ಥಶಾಸ್ತ್ರ ಅಂದರೆ ನಿನಗೆ ನಿಜವಾಗಿ ಇಷ್ಟ ಅಂತಾದರೆ ಆ ಮಾತೇ ಬೇರೆ, ಖುಷಿಯಿಂದ ಹೋಗು. ಆದರೆ ಇಂಗ್ಲಿಷಿಗೆ ಹೆದರಿ ಹೋಗುವುದಾದರೆ ಅಲ್ಲೂ ಅದೇ ಇಂಗ್ಲಿಷ್ ಕಾದಿರುತ್ತದೆ. ಹ್ಯುಮಾನಿಟೀಸ್‌ನ ಇತಿಹಾಸದ ಪುಸ್ತಕವನ್ನು ಯಾರ ಹತ್ತಿರವಾದರೂ ಇಸ್ಕೊಂಡು ಎರಡು ಪುಟ ಓದಿ ನೋಡು. ಒಂದೊಂದು ವಾಕ್ಯ ನಾಲ್ಕು ಸಾಲು. ಫಿಸಿಕ್ಸ್‌ನಲ್ಲಾದರೆ ಚಿತ್ರ ಇದೆ, ಲೆಕ್ಕ ಇದೆ, ಭಾಷೆ ಕೈಕೊಟ್ಟಾಗ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ. ಅಲ್ಲಿ ಇಡೀ ಪುಸ್ತಕವೇ ಭಾಷೆ.

ಈಗ ನಿನಗೆ ಏನಾಗುತ್ತಿದೆ ಅಂತ ಹೇಳುತ್ತೇನೆ. ಹತ್ತರವರೆಗೆ ನಿನ್ನ ಪುಸ್ತಕ ಎಸ್‌ಸಿಇಆರ್‌ಟಿಯವರದ್ದು, ಅಂದರೆ ಕೇರಳ ರಾಜ್ಯದ್ದೇ, ಕನ್ನಡದಲ್ಲಿತ್ತು. ಫಿಸಿಕ್ಸ್‌ಗೆ ಒಟ್ಟು 50, ಅದರಲ್ಲಿ 10 ಸಿಇ, ಅಂದರೆ ಸೆಮಿನಾರ್, ಅಸೈನ್‌ಮೆಂಟ್, ಪ್ರಯೋಗ ಅಂತ ವರ್ಷವಿಡೀ ಮಾಡಿದ್ದಕ್ಕೆ. ಗುಂಪಿನಲ್ಲಿ ಕೂತು ಮಾತಾಡಿ, ಚಾರ್ಟ್ ಬರೆದು ಕಲಿತವಳು ನೀನು. ಪ್ಲಸ್ ವನ್‌ಗೆ ಬಂದ ಕೂಡಲೇ ಪುಸ್ತಕ ಕೇಂದ್ರದ ಎನ್‌ಸಿಇಆರ್‌ಟಿಯದ್ದು, ಎರಡು ಭಾಗ, ಪೂರ್ತಿ ಇಂಗ್ಲಿಷ್. ಟೀಚರ್ ವಿವರಿಸುವುದು ಹೆಚ್ಚಾಗಿ ಮಲಯಾಳದಲ್ಲಿ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಇರಬಹುದು, ಬಸ್ಸು ಅಂಗಡಿಯ ಮಲಯಾಳ ನಮಗೆಲ್ಲ ಬರುತ್ತದೆ, ಆದರೆ ಅದರಲ್ಲಿ ಫಿಸಿಕ್ಸ್ ಕೇಳಿ ಅಭ್ಯಾಸ ಇಲ್ಲ ಅಲ್ವಾ? ಪ್ರಶ್ನೆಪತ್ರಿಕೆಯಲ್ಲೂ ಇಂಗ್ಲಿಷಿನ ಕೆಳಗೆ ಮಲಯಾಳ ಇರುತ್ತದೆ, ಅದರಿಂದ ನಿನಗೆ ಪ್ರಯೋಜನ ಕಡಿಮೆ. ಇದರ ಮೇಲೆ ಕಲಿಸುವ ರೀತಿಯೇ ಬದಲಾಗಿದೆ. ಒಂದು ಬ್ಯಾಚಿಗೆ 50 ಸೀಟು ಅಂತ ಲೆಕ್ಕ, ಮಾರ್ಜಿನಲ್ ಇನ್‌ಕ್ರೀಸ್ ಅಂತ ಸೇರಿಸಿ ಸೇರಿಸಿ 60 ದಾಟಿರುತ್ತದೆ, ಪೋರ್ಷನ್ ಮುಗಿಸುವ ಅವಸರ, ಬೋರ್ಡ್ ತುಂಬಾ ಬರೆದು ನೋಟ್ಸ್ ಕೊಟ್ಟು ಹೋಗುವುದು. ಇಷ್ಟೆಲ್ಲ ಒಂದೇ ತಿಂಗಳಲ್ಲಿ ತಲೆ ಮೇಲೆ ಬಿದ್ದರೆ ಯಾರಿಗೂ ತಾನು ದಡ್ಡಿ ಅಂತಲೇ ಅನಿಸುತ್ತದೆ. ನೀನು ದಡ್ಡಿ ಅಲ್ಲ.

ಮೊದಲು ಮಾಡಬೇಕಾದ್ದು, ಅರ್ಥ ಆಗದಿರುವುದು ಇಂಗ್ಲಿಷೋ ಫಿಸಿಕ್ಸೋ ಅಂತ ಬೇರೆ ಮಾಡುವುದು. ನನ್ನ ಹತ್ತಿರ ಬರುವ ಮಕ್ಕಳಿಗೆ ಒಂದು ಲೆಕ್ಕ ಕೊಡುತ್ತೇನೆ, ನೀನೂ ಈಗಲೇ ಮಾಡು. 20 ಮೀಟರ್ ಎತ್ತರದ ಅಡಿಕೆ ಮರದಿಂದ ಒಂದು ಹಣ್ಣಡಿಕೆ ಉದುರಿತು. ಗಾಳಿಯ ತಡೆಯನ್ನು ಬಿಟ್ಟುಬಿಡು, ಗುರುತ್ವ ವೇಗೋತ್ಕರ್ಷ 10 ಅಂತ ಇಟ್ಟುಕೋ. ನೆಲಕ್ಕೆ ಬೀಳಲು ಎಷ್ಟು ಹೊತ್ತು, ಬೀಳುವಾಗ ಎಷ್ಟು ವೇಗ? ಸೂತ್ರ ಹುಡುಕಬೇಡ. ಮೊದಲು ಮರ ಬರಿ, ಮೇಲೆ ಅಡಿಕೆ ಬರಿ, ಪಕ್ಕದಲ್ಲಿ ಶುರುವಿನ ವೇಗ ಸೊನ್ನೆ ಅಂತ ಬರಿ, ಯಾಕೆಂದರೆ ಅದನ್ನು ಯಾರೂ ಎಸೆದಿಲ್ಲ, ತಾನಾಗಿ ಬಿಟ್ಟುಕೊಂಡದ್ದು. ಒಂದೊಂದು ಸೆಕೆಂಡಿಗೂ ವೇಗ 10ರಷ್ಟು ಏರುತ್ತಾ ಹೋಗುತ್ತದೆ. ಮೊದಲ ಸೆಕೆಂಡಿನಲ್ಲಿ 5 ಮೀಟರ್, ಎರಡನೆಯದರಲ್ಲಿ 15, ಒಟ್ಟು 20. ಅಂದರೆ 2 ಸೆಕೆಂಡು, ವೇಗ ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿಲೋಮೀಟರ್. ಹೆಚ್ಚಿನವರು ಇದನ್ನು ಮಾಡಿಬಿಡುತ್ತಾರೆ, ಯಾಕೆಂದರೆ ಚಲನೆಯ ಸಮೀಕರಣಗಳನ್ನು ಒಂಬತ್ತರಲ್ಲೇ ಕನ್ನಡದಲ್ಲಿ ಕಲಿತಿದ್ದಾರೆ. ಆಮೇಲೆ ಅದೇ ತರದ ಲೆಕ್ಕವನ್ನು ಎನ್‌ಸಿಇಆರ್‌ಟಿ ಪುಸ್ತಕದ ಎರಡನೇ ಪಾಠದಿಂದ ತೆಗೆದು ಕೊಡುತ್ತೇನೆ. ಕೈ ನಿಂತುಬಿಡುತ್ತದೆ. ಆಗ ಅವರಿಗೇ ಗೊತ್ತಾಗುತ್ತದೆ, ನಿಂತದ್ದು ಓದುವಲ್ಲಿ ಅಂತ. ಓದುವುದನ್ನು ಕಲಿಯಬಹುದು, ಅದಕ್ಕೆ ಗ್ರೂಪ್ ಬದಲಾಯಿಸಬೇಕಾಗಿಲ್ಲ.

ಕಲಿಯುವುದು ಹೇಗೆ? ನಾಳೆ ಕ್ಲಾಸಿನಲ್ಲಿ ಬರುವ ಭಾಗವನ್ನು ಇವತ್ತು ರಾತ್ರಿ ಒಮ್ಮೆ ಓದು. ಒಂದೂವರೆ ಪುಟ ಸಾಕು, ಜಾಸ್ತಿ ಬೇಡ. ಗೊತ್ತಿಲ್ಲದ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರಿ, ಮತ್ತೆ ಪುಸ್ತಕ ಮುಚ್ಚಿ ಓದಿದ್ದನ್ನು ಕನ್ನಡದಲ್ಲೋ ತುಳುವಿನಲ್ಲೋ ಬಾಯಿಬಿಟ್ಟು ಹೇಳು. ತಂಗಿ ತಮ್ಮ ಯಾರಾದರೂ ಇದ್ದರೆ ಅವರನ್ನು ಎದುರು ಕೂರಿಸಿಕೋ. ಹೇಳಲು ಬಂದರೆ ಅರ್ಥ ಆಗಿದೆ, ತಡವರಿಸಿದ ಜಾಗದಲ್ಲಿ ಪುಸ್ತಕ ತೆರೆ. ಮಾರನೇ ದಿನ ಟೀಚರ್ ಮಲಯಾಳದಲ್ಲಿ ಹೇಳಿದರೂ ಎಲ್ಲಿದ್ದಾರೆ ಅಂತ ನಿನಗೆ ಗೊತ್ತಿರುತ್ತದೆ. ನೋಟ್ಸ್ ಬಾಯಿಪಾಠ ಮಾಡಿ ಪಾಸಾಗಬಹುದು, ಪಾಸಾಗಲು ಬೇಕಾದ ಡಿ ಪ್ಲಸ್ ಗ್ರೇಡಿಗೆ 30 ಶೇಕಡಾ ಸಾಕಲ್ಲ. ಆದರೆ ಪ್ಲಸ್ ಟುಗೆ ಹೋದಾಗ ಕಾಲ ಕೆಳಗೆ ಏನೂ ಇರುವುದಿಲ್ಲ.

ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಕರ್ನಾಟಕದ ಪಿಯು ಸೈನ್ಸ್‌ನವರೂ 2012-13ರಿಂದ ಎನ್‌ಸಿಇಆರ್‌ಟಿ ಸಿಲೆಬಸ್ಸನ್ನೇ ಓದುತ್ತಿದ್ದಾರೆ. ಹಾಗಾಗಿ ಯೂಟ್ಯೂಬ್‌ನಲ್ಲಿ ಅಲ್ಲಿನ ಲೆಕ್ಚರರ್‌ಗಳು ಫಸ್ಟ್ ಪಿಯುಗೆ ಕನ್ನಡದಲ್ಲಿ ಮಾಡಿದ ಪಾಠಗಳು ನಿನಗೂ ಸರಿಹೊಂದುತ್ತವೆ. ಕ್ಲಾಸಿನಲ್ಲಿ ತಪ್ಪಿಹೋದದ್ದನ್ನು ಅಲ್ಲಿ ಕೇಳು. ಪರೀಕ್ಷೆಯ ಮಾದರಿಗೆ ಮಾತ್ರ ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ನೋಡು. ಪರೀಕ್ಷೆಯ ಶುರುವಿನಲ್ಲಿ ಪ್ರಶ್ನೆಪತ್ರಿಕೆ ಓದಲು ಕೊಡುವ ಆ 15 ನಿಮಿಷದ ಕೂಲ್ ಆಫ್ ಟೈಂ ಇದೆಯಲ್ಲ, ಹೆಚ್ಚಿನವರು ಅದನ್ನು ಸುಮ್ನೆ ಕಳೆಯುತ್ತಾರೆ. ಕನ್ನಡ ಮಾಧ್ಯಮದವರಿಗೆ ಅದು ಚಿನ್ನ. ಒಂದೊಂದು ಪ್ರಶ್ನೆಯನ್ನೂ ಎರಡು ಸಲ ಓದಲು, ಯಾವುದನ್ನು ಬಿಡಬಹುದು ಅಂತ ಆರಿಸಲು ಅಷ್ಟು ಹೊತ್ತು ಬೇಕೇ ಬೇಕು.

ಕ್ಲಾಸಿನಲ್ಲಿ ಕನ್ನಡದವರೆಲ್ಲ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂರುವ ಅಭ್ಯಾಸ ಇದೆ. ಮುಂದೆ ಬಾ. ಮಲಯಾಳ ಮಾಧ್ಯಮದಿಂದ ಬಂದ ಒಬ್ಬಳನ್ನು ಪಕ್ಕದಲ್ಲಿ ಕೂರಿಸಿಕೋ, ಅವಳಿಗೂ ಪುಸ್ತಕದ ಇಂಗ್ಲಿಷ್ ಹೊಸತೇ. ಟೀಚರಿಗೆ ಕನ್ನಡ ಬರದಿದ್ದರೆ ಹರಕು ಇಂಗ್ಲಿಷಿನಲ್ಲೇ ಕೇಳು, ಬೋರ್ಡಿಗೆ ಬೆರಳು ತೋರಿಸಿ ಕೇಳು. ಒಳ್ಳೆ ಟೀಚರ್ ನಿನ್ನ ವ್ಯಾಕರಣ ನೋಡುವುದಿಲ್ಲ. ಸೆಕೆಂಡ್ ಲ್ಯಾಂಗ್ವೇಜ್‌ಗೆ ನಿಮ್ಮ ಶಾಲೆಯಲ್ಲಿ ಕನ್ನಡ ಇದ್ದರೆ ಅದನ್ನು ಬಿಡಬೇಡ, ದಿನದಲ್ಲಿ ಒಂದು ಪೀರಿಯಡ್ಡಾದರೂ ಉಸಿರಾಡಲು ಸಿಗಲಿ.

ನೀಟ್ ಬಗ್ಗೆ ಕೊನೆಯಲ್ಲಿ ಕೇಳಿದ್ದೀಯಾ. 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಇದೆ, ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಬೇಕಿದ್ದರೆ ಮಂಗಳೂರು ಆರಿಸಿಕೊಳ್ಳಬೇಕು. ಅದನ್ನು ಈಗಲೇ ತಲೆಗೆ ಹಾಕಿಕೊಳ್ಳಬೇಡ.

ಇದನ್ನು ಓದುವ ಟೀಚರ್‌ಗಳು ಇದ್ದರೆ ಅವರಲ್ಲೂ ಒಂದು ಮಾತು. ಎಂಟು, ಒಂಬತ್ತರಲ್ಲೇ ಕನ್ನಡ ಮಾಧ್ಯಮದ ಮಕ್ಕಳಿಗೆ ವಾರಕ್ಕೊಮ್ಮೆ ವಿಜ್ಞಾನದ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಓದಿಸಿ, ಕನ್ನಡದಲ್ಲಿ ಚರ್ಚೆ ಮಾಡಿಸಿ. ಹತ್ತು ವರ್ಷ ತನ್ನ ಭಾಷೆಯಲ್ಲಿ ಚೆನ್ನಾಗಿ ಯೋಚಿಸಲು ಕಲಿಸಿ, ಒಂದೇ ರಜೆ ಕಳೆದ ಕೂಡಲೇ ಯಾವ ತಯಾರಿಯೂ ಇಲ್ಲದೆ ಇನ್ನೊಂದು ಭಾಷೆಗೆ ತಳ್ಳುವುದು ಅನ್ಯಾಯ. ಪ್ಲಸ್ ವನ್ ಶುರುವಿನ ಕೆಲವು ವಾರ ಇದಕ್ಕೇ ಅಂತ ಇಟ್ಟರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಾರೆ.

ಕಾಂಬಿನೇಷನ್ ಟ್ರಾನ್ಸ್‌ಫರ್‌ಗೆ, ಅಂದರೆ ಗ್ರೂಪ್ ಬದಲಾಯಿಸಲು, ಪ್ಲಸ್ ವನ್ ಪ್ರವೇಶದ ಆನ್‌ಲೈನ್ ವ್ಯವಸ್ಥೆಯಾದ ಏಕಜಾಲಕದಲ್ಲಿ ಅರ್ಜಿ ಹಾಕುವ ಅವಕಾಶ ಅಲಾಟ್‌ಮೆಂಟ್‌ಗಳ ಹಿಂದೆಯೇ ಬರುತ್ತದೆ, ಕೆಲವೇ ದಿನ ಇರುತ್ತದೆ. ಓಣಂ ಹೊತ್ತಿಗೆ ನಡೆಯುವ ಮೊದಲ ಟರ್ಮ್ ಪರೀಕ್ಷೆಯ ಮಾರ್ಕ್ ನೋಡಿ ಯೋಚಿಸೋಣ ಅಂದರೆ ತಡವಾಗುತ್ತದೆ. ಶಾಲೆಯ ಆಫೀಸಿನಲ್ಲಿ ದಿನಾಂಕ ಕೇಳಿಟ್ಟುಕೋ, ಅಲ್ಲಿಯವರೆಗೆ ಮೇಲೆ ಹೇಳಿದ ಹಾಗೆ ಓದಿ ನೋಡು. ಅಡಿಕೆ ಲೆಕ್ಕ ಬಂದಿತಾ ಇಲ್ಲವಾ ಅಂತ ಇಲ್ಲೇ ಬರಿ. ಎಲ್ಲಿ ನಿಂತೆ ಅಂತ ಹೇಳಿದರೆ ಅಲ್ಲಿಂದ ಮುಂದಕ್ಕೆ ನಾನು ಹೇಳಿಕೊಡುತ್ತೇನೆ.