ಕಾನೂನು ಸಲಹೆ: ನಾಲೆಗೆ ಹೋಗುವ ತೋಟಕ್ಕೆ ಪರಿಹಾರ ಎಷ್ಟು?

ಪ್ರಶ್ನೆ: ನಮ್ಮ ಅಡಿಕೆ ತೋಟದ 1 ಎಕರೆ 10 ಗುಂಟೆ ನಾಲೆಗೆ ಹೋಗುತ್ತಿದೆ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಬಂದಿದೆ. ಮಾರ್ಗಸೂಚಿ ಬೆಲೆಯಷ್ಟೇ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಕೊಡುತ್ತಾರಂತೆ, ಹಣ ಪಡೆದರೆ ಆಮೇಲೆ ಹೆಚ್ಚಿಗೆ ಕೇಳುವಂತಿಲ್ಲವಂತೆ. ನಿಜವೇ?
— ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಎರಡೂ ಪೂರ್ತಿ ನಿಜವಲ್ಲ. ಕಲಂ 26ರ ಪ್ರಕಾರ ಮಾರ್ಗಸೂಚಿ ಬೆಲೆ ಮತ್ತು ಸುತ್ತಮುತ್ತಲ ಅಂಥದೇ ಜಮೀನಿನ ಕ್ರಯದ ಸರಾಸರಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಸರಾಸರಿಗೆ ಹಿಂದಿನ 3 ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ತೋರಿಸಿದ ಅರ್ಧದಷ್ಟು ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಪತ್ರಗಳ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ನೀವೇ ತೆಗೆಸಿ ಕೊಡಿ. ಕಚೇರಿಯವರು ಹುಡುಕಿ ಹಾಕುತ್ತಾರೆಂದು ಕಾಯಬೇಡಿ. ಅಧಿಸೂಚನೆ ಹೊರಟ ಮೇಲಿನ ಕ್ರಯಪತ್ರ ನಡೆಯುವುದಿಲ್ಲ.

ಬೆಲೆ 20 ಲಕ್ಷ ಎಂದು ನಿಗದಿಯಾಯಿತು ಅನ್ನಿ. ಹಳ್ಳಿಯ ಜಮೀನಿನ ಬೆಲೆಯನ್ನು ಗುಣಿಸುವ ಗ್ರಾಮೀಣ ಗುಣಕ 1ರಿಂದ 2ರ ನಡುವೆ ಇರುತ್ತದೆ, 1.5 ಆದರೆ 30 ಲಕ್ಷ. ಮರ, ಕೊಳವೆಬಾವಿಗೆ 8 ಲಕ್ಷ ಸೇರಿ 38. ಅದಕ್ಕೆ ಶೇ 100 ಸಾಂತ್ವನ ಧನ (ಜಮೀನು ಕಳೆದುಕೊಳ್ಳುವುದಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಕೂಡಿದರೆ 76 ಲಕ್ಷ. ಇದಲ್ಲದೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ.

ಮರದ ಬಾಬ್ತು ಒಂದು ರೂಪಾಯಿ ತಪ್ಪಿದರೆ ಎರಡು ರೂಪಾಯಿ ಹೋಯಿತೆಂದೇ ಅರ್ಥ. ಹೆಚ್ಚಿನವರು ಸೋಲುವುದು ನ್ಯಾಯಾಲಯದಲ್ಲಲ್ಲ, ಅಧಿಕಾರಿಗಳು ಬಂದು ಜಮೀನು, ಮರಗಳನ್ನು ಅಳೆದು ಎಣಿಸುವ ಜಂಟಿ ಅಳತೆಯ ದಿನ. ಫಲ ಬಿಡುವ ಮರ ಎಷ್ಟು, ಸಸಿ ಎಷ್ಟು, ಬಾವಿಯ ಆಳ, ನೆಲದೊಳಗಿನ ಪೈಪ್‌ಲೈನ್ ಎಲ್ಲ ಮಹಜರಿನಲ್ಲಿ ಶಾಯಿಯಲ್ಲಿ ಬರೆದಿದ್ದರಷ್ಟೇ ಸಹಿ ಹಾಕಿ, ನಕಲು ಕೇಳಿ. ಪೆನ್ಸಿಲಿನ ಅಂಕಿಗೆ ಸಹಿ ಬೇಡವೇ ಬೇಡ. ಪಹಣಿಯ ಖರಾಬು (ಸಾಗುವಳಿಗೆ ಬಾರದ ನೆಲ) ಕಾಲಂ ಕೂಡ ನೋಡಿ: ‘ಅ’ ಖರಾಬು ನಿಮ್ಮದು, ‘ಬ’ ಖರಾಬು ಸಾರ್ವಜನಿಕರದು. ಎರಡನ್ನೂ ಒಟ್ಟಿಗೆ ಕಳೆದುಬಿಡುವುದುಂಟು.

ಇನ್ನು ಹಣದ ಮಾತು. ಪಡೆಯಿರಿ, ಆದರೆ ರಶೀದಿಯಲ್ಲಿ ‘ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆಯಿರಿ. ನೇರ ಖಾತೆಗೆ ಬರುವುದಾದರೆ ಅದೇ ಮಾತಿನ ಪತ್ರವನ್ನು ಮೊದಲೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇಷ್ಟಿಲ್ಲದಿದ್ದರೆ ಹೆಚ್ಚಿನ ಪರಿಹಾರ ಕೇಳುವ ಕಲಂ 64ರ ಅರ್ಜಿಯ ಹಕ್ಕೇ ಹೋಗುತ್ತದೆ. ಐತೀರ್ಪಿನ (ಪರಿಹಾರ ನಿಗದಿ ಮಾಡುವ ಆದೇಶದ) ವೇಳೆ ಹಾಜರಿದ್ದರೆ ಆ ಅರ್ಜಿಗೆ ಅವಧಿ 6 ವಾರ. ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದವರಿಗಂತೂ ಹೆಚ್ಚಳ ಕೇಳುವ ದಾರಿ ಇರುವುದಿಲ್ಲ. ‘ಬೇಗ ಹಣ ಸಿಗುತ್ತೆ’ ಎನ್ನುವವರ ಮುಂದೆ ಇದನ್ನು ನೆನಪಿಡಿ.

ಪ್ರಶ್ನೆ: ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದೆ, ಅಣ್ಣತಮ್ಮಂದಿರಲ್ಲಿ ತಕರಾರಿದೆ. ಹಣ ಏನಾಗುತ್ತದೆ?
— ಓದುಗರು, ಹಾವೇರಿ

ಉತ್ತರ: ಪರಿಹಾರದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ, ಪಾಲು ತೀರ್ಮಾನವಾಗುವವರೆಗೆ ಅಲ್ಲೇ. ಈಗಲೇ ಪೌತಿ ಖಾತೆಗೆ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಅರ್ಜಿ ಹಾಕಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಕೊಟ್ಟರೆ ಹಣ ಇನ್ನಷ್ಟು ವರ್ಷ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಹೆಚ್ಚಿನ ಪರಿಹಾರಕ್ಕೆ ನಾನು ಅರ್ಜಿ ಹಾಕಿರಲಿಲ್ಲ. ಅದೇ ಅಧಿಸೂಚನೆಯ ಪಕ್ಕದ ಜಮೀನಿನವರಿಗೆ ಪ್ರಾಧಿಕಾರ ಹೆಚ್ಚಿಗೆ ಕೊಟ್ಟಿದೆ. ನಾನೂ ಕೇಳಬಹುದೇ?
— ಓದುಗರು, ಬಾಗಲಕೋಟೆ

ಉತ್ತರ: 2013ರ ಕಾಯ್ದೆಯಡಿಯ ಸ್ವಾಧೀನವಾದರೆ ಕಲಂ 73ರಡಿ ಜಿಲ್ಲಾಧಿಕಾರಿಗೆ ಬರೆಯಿರಿ. ಆ ತೀರ್ಪಿನ ದಿನದಿಂದ 3 ತಿಂಗಳೊಳಗೆ ಅರ್ಜಿ ತಲುಪಬೇಕು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು ಎಣಿಸುತ್ತಾರೆ. ಹಾಗಾಗಿ ಇವತ್ತೇ ನಕಲಿಗೆ ಅರ್ಜಿ ಹಾಕಿ.