ಪಂಡಿತರು ಸೋತ ಶನಿವಾರ

ಹಾಸನದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಅಮೆರಿಕದಲ್ಲಿ ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ ಕುದುರೆ ರೇಸ್. ಎಷ್ಟೋ ವರ್ಷ ಅದೇ ರಾತ್ರಿ ಲಾಸ್ ವೇಗಸ್‌ನಲ್ಲಿ ದೊಡ್ಡ ಬಾಕ್ಸಿಂಗ್. 2015ರಲ್ಲಿ ಪಂಡಿತರು ಹೇಳಿದ ಕುದುರೆಯೂ ಗೆದ್ದಿತು, ಬಾಕ್ಸರೂ ಗೆದ್ದ. 2022ರಲ್ಲಿ ಎರಡೂ ಉಲ್ಟಾ. ಅಂದಮೇಲೆ ಇದು ಕಣ್ಣು ಮುಚ್ಚಿ ಬೆರಳಿಟ್ಟ ಹಾಗೆ ಅಲ್ವಾ? 'ಯಾರು ಗೆಲ್ಲಬಹುದು' ಅಂತ ಪುಟ ತುಂಬಿಸುವ ಬದಲು ನಾಲ್ಕು ಒಳ್ಳೆಯ ಫೋಟೊ ಹಾಕಿ."

ಫೋಟೊ ಹಾಕೋಣ ಸರ್, ತಕರಾರಿಲ್ಲ. ಆದರೆ ನೀವು ಎರಡು ಸೋಲುಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀರಿ. ಅದನ್ನು ಒಪ್ಪುವುದು ಕಷ್ಟ.

ಮೊದಲು ಕುದುರೆ. 2022ರ ಮೇ 7ರಂದು ಲೂಯಿವಿಲ್‌ನ ಚರ್ಚಿಲ್ ಡೌನ್ಸ್‌ನಲ್ಲಿ ಫೇವರಿಟ್, ಅಂದರೆ ಜನ ಎಲ್ಲಕ್ಕಿಂತ ಹೆಚ್ಚು ದುಡ್ಡು ಕಟ್ಟಿದ ಕುದುರೆ, ಎಪಿಸೆಂಟರ್. ಅದರ ಮೇಲೆ ಇದ್ದ ದರ 4ಕ್ಕೆ 1. ಅಂದರೆ ಒಂದು ಡಾಲರ್ ಕಟ್ಟಿದವರಿಗೆ ನಾಲ್ಕು ಡಾಲರ್ ಲಾಭ. ಇದರ ಅರ್ಥ ಏನು? ಇದೇ ರೇಸ್ ಐದು ಸಲ ಓಡಿಸಿದರೆ ಎಪಿಸೆಂಟರ್ ಒಂದು ಸಲ ಗೆಲ್ಲಬಹುದು, ನಾಲ್ಕು ಸಲ ಸೋಲಬಹುದು ಅಂತ ಜನ ತಮ್ಮ ದುಡ್ಡಿನಿಂದಲೇ ಹೇಳಿದ್ದರು. ಕ್ಲಬ್ಬು ಮುರಿದುಕೊಳ್ಳುವ ಪಾಲು ಲೆಕ್ಕಕ್ಕೆ ಹಿಡಿದರೆ ಅಷ್ಟೂ ಇಲ್ಲ. ಹೀಗಿರುವಾಗ ಫೇವರಿಟ್ ಸೋತದ್ದರಲ್ಲಿ ಆಶ್ಚರ್ಯ ಎಲ್ಲಿ ಬಂತು?

ನಿಮ್ಮ 2015ರ ಅಮೆರಿಕನ್ ಫೇರೋ ಕೂಡ ಅಷ್ಟೇ. ಅದರ ದರ ಸುಮಾರು 3ಕ್ಕೆ 1 ಇತ್ತು. ಆಮೇಲೆ ಅದು ಪ್ರೀಕ್‌ನೆಸ್ ಮತ್ತು ಬೆಲ್‌ಮಾಂಟ್ ರೇಸ್‌ಗಳೆರಡನ್ನೂ ಗೆದ್ದು, 37 ವರ್ಷಗಳ ನಂತರ ಟ್ರಿಪಲ್ ಕ್ರೌನ್ (ಈ ಮೂರೂ ರೇಸ್ ಒಂದೇ ವರ್ಷ ಗೆದ್ದ ಗೌರವ) ತಂದುಕೊಟ್ಟ ಕುದುರೆ. ಅಂಥ ಕುದುರೆಗೂ ಡರ್ಬಿಯ ದಿನ ಜನ ಕೊಟ್ಟದ್ದು ನಾಲ್ಕರಲ್ಲಿ ಒಂದು ಪಾಲಿನ ನಂಬಿಕೆ ಮಾತ್ರ.

ಇಷ್ಟು ಅನುಮಾನ ಯಾಕೆ ಅಂದರೆ, ಡರ್ಬಿ ಸುಮ್ನೆ ಇನ್ನೊಂದು ರೇಸ್ ಅಲ್ಲ. ಓಡುವುದು ಮೂರು ವರ್ಷದ ಕುದುರೆಗಳು ಮಾತ್ರ. ದೂರ ಒಂದೂಕಾಲು ಮೈಲಿ. ಅಷ್ಟು ದೂರವನ್ನು ಅವುಗಳಲ್ಲಿ ಹೆಚ್ಚಿನವು ಅದುವರೆಗೆ ಓಡಿಯೇ ಇರುವುದಿಲ್ಲ. ಎಂಟು, ಹತ್ತು ಕುದುರೆಗಳ ನಡುವೆ ಓಡಿ ರೂಢಿಯಾದವು ಅಂದು ಇಪ್ಪತ್ತರ ಗುಂಪಿನಲ್ಲಿ ಗುದ್ದಾಡಬೇಕು. ಮುಂದಿನ ಕುದುರೆಗಳು ಎರಚುವ ಮಣ್ಣು ಮುಖಕ್ಕೆ ಬಡಿಯುತ್ತದೆ. ಒಂದೂವರೆ ಲಕ್ಷ ಜನರ ಕೂಗು ಬೇರೆ. ಹಳೆಯ ಫಾರ್ಮ್, ಅಂದರೆ ಹಿಂದಿನ ಓಟಗಳ ದಾಖಲೆ, ಓದಿ ಹೇಳುವುದಕ್ಕೆ ಒಂದು ಮಿತಿ ಇದ್ದೇ ಇರುತ್ತದೆ.

ಇನ್ನು ಗೆದ್ದ ಕುದುರೆಯ ಕಥೆ ಕೇಳಿ. ರಿಚ್ ಸ್ಟ್ರೈಕ್ ಶುಕ್ರವಾರ ಬೆಳಿಗ್ಗೆಯವರೆಗೂ ರೇಸಿನಲ್ಲೇ ಇರಲಿಲ್ಲ. ಇನ್ನೊಂದು ಕುದುರೆಯನ್ನು ಗಡುವಿಗೆ ಸ್ವಲ್ಪ ಮುಂಚೆ ವಾಪಸ್ ತೆಗೆದದ್ದರಿಂದ ಇದಕ್ಕೆ ಜಾಗ ಸಿಕ್ಕಿತು. ಅದುವರೆಗೆ ಗೆದ್ದದ್ದು ಒಂದೇ ಒಂದು ರೇಸ್. ಅದು ಓಡುವ ಕುದುರೆಗಳನ್ನು ಮಾರಾಟಕ್ಕೂ ಇಡುವ ರೇಸ್, ಅಲ್ಲೇ ಅದನ್ನು 30,000 ಡಾಲರಿಗೆ ಕೊಂಡುಕೊಂಡಿದ್ದರು. ತರಬೇತುದಾರ ಎರಿಕ್ ರೀಡ್, ಜಾಕಿ ಸನ್ನಿ ಲಿಯೋನ್ ಇಬ್ಬರಿಗೂ ಅದು ಮೊದಲ ಡರ್ಬಿ. ಹೊರತುದಿಯ ಗೇಟಿನಿಂದ ಹೊರಟಿತು. ದರ ಸುಮಾರು 80ಕ್ಕೆ 1. ಎರಡು ಡಾಲರ್ ಕಟ್ಟಿದವರಿಗೆ 163 ಡಾಲರ್ 60 ಸೆಂಟ್ ಬಂತು. ಡರ್ಬಿಯಲ್ಲಿ ಇದಕ್ಕಿಂತ ದೊಡ್ಡ ದರದ ಕುದುರೆ ಗೆದ್ದದ್ದು ಅದುವರೆಗೆ ಒಂದೇ ಸಲ, 1913ರಲ್ಲಿ.

ಇದನ್ನು ಯಾರೂ ಮೊದಲೇ ಹೇಳಲು ಆಗುತ್ತಿರಲಿಲ್ಲ, ನಿಜ. ಆದರೆ ಅರ್ಧ ಕಥೆ ಹೇಳಬಹುದಿತ್ತು. ದುಬೈಯಿಂದ ಸಮ್ಮರ್ ಈಸ್ ಟುಮಾರೋ ಎಂಬ ಕುದುರೆ ಬಂದಿತ್ತು. ಅದರ ತರಬೇತುದಾರ ಭೂಪತ್ ಸೀಮರ್, ನಮ್ಮ ದೇಶದವರೇ. ಅದು ಶುರುವಿನಲ್ಲೇ ನುಗ್ಗುವ ಜಾತಿಯದು ಅಂತ ಎಲ್ಲರಿಗೂ ಗೊತ್ತಿತ್ತು. ಹಾಗೇ ನುಗ್ಗಿತು. ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ ಓಡಿತು. ಡರ್ಬಿಯಲ್ಲಿ ಅದುವರೆಗೆ ಅಷ್ಟು ಜೋರಿನ ಶುರು ಆಗಿರಲಿಲ್ಲ. ಅದರ ಬೆನ್ನು ಹತ್ತಿದವೆಲ್ಲ ಕೊನೆಯ ತಿರುವಿನ ಹೊತ್ತಿಗೆ ಸುಸ್ತು. ಎಪಿಸೆಂಟರ್ ಮುಂದೆ ಬಂದು ಇನ್ನೇನು ಗೆದ್ದಿತು ಅನ್ನುವಾಗ, ಹಿಂದೆ ಉಸಿರು ಉಳಿಸಿಕೊಂಡಿದ್ದ ರಿಚ್ ಸ್ಟ್ರೈಕ್ ಒಳಗಿನ ರೇಲ್ (ಬೇಲಿ) ಪಕ್ಕದಿಂದ ತೂರಿ ಬಂದು ಮುಕ್ಕಾಲು ಲೆಂತ್‌ನಲ್ಲಿ, ಅಂದರೆ ಕುದುರೆಯ ಮುಕ್ಕಾಲು ಉದ್ದದಷ್ಟು ಅಂತರದಲ್ಲಿ, ಗೆದ್ದಿತು. ಶುರು ಜೋರಾಗಿ ಆಗುತ್ತದೆ, ಹಿಂದಿನಿಂದ ಬರುವ ಕುದುರೆಗೆ ಲಾಭ ಅಂತ ಬರೆದವನು ಹೆಸರು ತಪ್ಪು ಹೇಳಿದ್ದರೂ ರೇಸನ್ನು ಸರಿಯಾಗಿ ಓದಿದ್ದ. ನಮಗೆ ಬೇಕಾದದ್ದು ಅಂಥ ಬರಹ. (ರಿಚ್ ಸ್ಟ್ರೈಕ್ ಆಮೇಲೆ ಒಂದು ರೇಸನ್ನೂ ಗೆಲ್ಲಲಿಲ್ಲ. ಅದನ್ನು ಮೊದಲೇ ಕಂಡುಹಿಡಿದೆ ಅನ್ನುವವರ ಮಾತನ್ನು ಸ್ವಲ್ಪ ಉಪ್ಪು ಖಾರ ಕಳೆದೇ ಕೇಳಬೇಕು.)

ಬಾಕ್ಸಿಂಗ್‌ಗೆ ಬರೋಣ. ಅಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಅದೇ ರಾತ್ರಿ ಕನೆಲೋ ಆಲ್ವರೆಜ್ ವಿರುದ್ಧ ಡಿಮಿಟ್ರಿ ಬಿವೋಲ್. ಮೆಕ್ಸಿಕೋದವರ ಮೇ 5ರ ಹಬ್ಬದ ವಾರಾಂತ್ಯವನ್ನು ಕನೆಲೋನಂಥ ಮೆಕ್ಸಿಕೋದ ತಾರೆಗೆ ಮೀಸಲಿಡುವುದು ರೂಢಿ. ಅದಕ್ಕೇ ಡರ್ಬಿ, ಬಾಕ್ಸಿಂಗ್ ಒಂದೇ ದಿನ ಬೀಳುತ್ತವೆ. ನಮಗೆ ಇಲ್ಲಿ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಡರ್ಬಿ, ತಿಂಡಿ ಹೊತ್ತಿಗೆ ಬಾಕ್ಸಿಂಗ್. ಅಂದು ಕನೆಲೋ ಐದರಲ್ಲಿ ನಾಲ್ಕು ಸಲ ಗೆಲ್ಲುತ್ತಾನೆ ಅನ್ನುವಂಥ ದರ ಇತ್ತು. ಸ್ಪರ್ಧೆಯಲ್ಲಿ ಇರುವವರು ಇಬ್ಬರೇ. ಇಪ್ಪತ್ತು ಕುದುರೆಗಳ ಗೊಂದಲ ಇಲ್ಲ. ಆದರೂ ತಪ್ಪಿತು. ಇಲ್ಲಿ ಪಂಡಿತರನ್ನು ಪ್ರಶ್ನೆ ಕೇಳಬಹುದು.

ಅವರು ನೋಡಿದ್ದು ಹೆಸರನ್ನು. ಕನೆಲೋ ಅದುವರೆಗೆ ಸೋತಿದ್ದು ಒಂದೇ ಸಲ, 2013ರಲ್ಲಿ ಮೇವೆದರ್ ಕೈಯಲ್ಲಿ. 168 ಪೌಂಡಿನ ತೂಕದ ವರ್ಗದಲ್ಲಿ ಎಲ್ಲ ಚಾಂಪಿಯನ್ ಬೆಲ್ಟುಗಳೂ ಅವನ ಹತ್ತಿರವೇ ಇದ್ದವು. 175 ಪೌಂಡಿಗೆ ಏರಿ 2019ರಲ್ಲಿ ಕೊವಾಲೆವ್‌ನನ್ನು ನಾಕ್‌ಔಟ್ ಮಾಡಿದ್ದ. ಹಾಗಾಗಿ ತೂಕ ಒಂದು ಸಮಸ್ಯೆಯೇ ಅಲ್ಲ ಅಂದುಕೊಂಡರು. ಆದರೆ ಆ ಹೊತ್ತಿಗೆ ಕೊವಾಲೆವ್‌ಗೆ 36 ವರ್ಷ, ಅವನ ಒಳ್ಳೆಯ ದಿನ ಮುಗಿದಿತ್ತು. ಬಿವೋಲ್ ಒಂದು ಸಲವೂ ಸೋತಿರಲಿಲ್ಲ. ಕನೆಲೋಗಿಂತ ಎತ್ತರ, 175 ಪೌಂಡೇ ಅವನ ಸ್ವಂತ ತೂಕ, ಎಡಗೈ ಜ್ಯಾಬ್ (ನೇರ ಗುದ್ದು) ನಿಲ್ಲುವುದೇ ಇಲ್ಲ. ಇವೆಲ್ಲ ಪಂದ್ಯಕ್ಕೆ ಮುಂಚೆಯೇ ಕಣ್ಣೆದುರು ಇದ್ದ ಸಂಗತಿ. ಹೆಸರು ದೊಡ್ಡದಾದಾಗ ಅಭಿಮಾನಿಗಳ ದುಡ್ಡು ಅದೇ ಕಡೆ ಹರಿಯುತ್ತದೆ. ದರ ಬಾಗುತ್ತದೆ.

ಮೂವರು ಜಡ್ಜ್‌ಗಳೂ 115-113 ಅಂತ ಬಿವೋಲ್‌ಗೆ ಕೊಟ್ಟರು. ಸಾಮಾನ್ಯವಾಗಿ ರೌಂಡ್ ಗೆದ್ದವನಿಗೆ 10, ಸೋತವನಿಗೆ 9 ಅಂಕ; ಅಂದರೆ ಹನ್ನೆರಡು ರೌಂಡಿನಲ್ಲಿ ಏಳು ಬಿವೋಲ್‌ನದು, ಐದು ಕನೆಲೋನದು. ಒಂದೇ ಒಂದು ರೌಂಡ್ ಆಚೆ ಹೋಗಿದ್ದರೆ 114-114, ಡ್ರಾ. ಬಾಕ್ಸಿಂಗ್‌ನ ಇನ್ನೊಂದು ತೊಡಕು ಇದೇ. ನೀವು ಬಾಕ್ಸರನ್ನು ಓದಿದರೆ ಸಾಲದು, ಜಡ್ಜ್‌ಗಳನ್ನೂ ಓದಬೇಕು. 2017ರಲ್ಲಿ ಇದೇ ಕನೆಲೋ, ಗೊಲೊವ್ಕಿನ್ ಜೊತೆ ಆಡಿದಾಗ ಒಬ್ಬ ಜಡ್ಜ್ ಗೊಲೊವ್ಕಿನ್‌ಗೆ 115-113 ಕೊಟ್ಟರು. ಇನ್ನೊಬ್ಬರು 114-114. ಮೂರನೆಯವರು ಕನೆಲೋಗೆ 118-110! ಒಂದೇ ರಿಂಗು, ಒಂದೇ ಹನ್ನೆರಡು ರೌಂಡು. ಫಲಿತಾಂಶ ಡ್ರಾ. ಗೊಲೊವ್ಕಿನ್ ಗೆಲ್ಲುತ್ತಾನೆ ಅಂದಿದ್ದವರು ತಪ್ಪಿದರೇ, ಸರಿಯಾಗಿದ್ದರೇ?

2015ರ ಮೇವೆದರ್-ಪ್ಯಾಕಿಯಾವೊ ಪಂದ್ಯದಲ್ಲಿ ಪಂಡಿತರು ಗೆದ್ದರು ಅಂತೀರಿ. ಮೇವೆದರ್ ಸಲೀಸಾಗಿ ಗೆದ್ದ, ಹೌದು. ಆದರೆ ಪ್ಯಾಕಿಯಾವೊ ಬಲ ಭುಜಕ್ಕೆ ಗಾಯವಾಗಿತ್ತು ಅನ್ನುವುದು ಜನರಿಗೆ ಗೊತ್ತಾದದ್ದು ಪಂದ್ಯ ಮುಗಿದ ಮೇಲೆ. ಒಳಗಿನ ಸುದ್ದಿ ತಿಳಿಯದೆ ಸರಿ ಹೇಳಿದವರಿಗೆ ಎಷ್ಟು ಮಾರ್ಕ್ಸ್ ಕೊಡೋಣ?

ರೇಸಿನಲ್ಲೂ ಗೆರೆ ದಾಟಿದ ಕೂಡಲೇ ಮುಗಿಯಿತು ಅನ್ನುವಂತಿಲ್ಲ. 2019ರಲ್ಲಿ ಮ್ಯಾಕ್ಸಿಮಮ್ ಸೆಕ್ಯುರಿಟಿ ಮೊದಲು ಬಂತು. ಸುಮಾರು 20 ನಿಮಿಷ ವಿಡಿಯೊ ನೋಡಿದ ಸ್ಟೀವರ್ಡ್‌ಗಳು (ರೇಸಿನ ತೀರ್ಪುಗಾರರು) ಬೇರೆ ಕುದುರೆಗಳಿಗೆ ಅಡ್ಡ ಬಂದಿದೆ ಅಂತ ಅದನ್ನು ಕೆಳಗಿಳಿಸಿ, 65ಕ್ಕೆ 1 ಇದ್ದ ಕಂಟ್ರಿ ಹೌಸ್‌ಗೆ ಗೆಲುವು ಕೊಟ್ಟರು.

ಪತ್ರದ ಕೊನೆಗೆ ನೀವು, "ಜೂಜಿಗೆ ಪತ್ರಿಕೆ ಯಾಕೆ ಕುಮ್ಮಕ್ಕು ಕೊಡಬೇಕು" ಅಂತಲೂ ಕೇಳಿದ್ದೀರಿ. ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಆ ತೀರ್ಪನ್ನು ಗುರಾಣಿ ಮಾಡಿಕೊಳ್ಳುವ ಆಸೆ ನನಗಿಲ್ಲ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಸಂಬಳ ಕಳೆದುಕೊಂಡು ಮನೆಗೆ ನಡೆದು ಹೋದವರ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಎಲ್ಲರ ಪಣದ ದುಡ್ಡನ್ನು ಒಟ್ಟು ಹಾಕುವ ಟೋಟ್‌ನಲ್ಲಿ ಕ್ಲಬ್ಬಿನ ಪಾಲು, ಸರ್ಕಾರದ ತೆರಿಗೆ ಮೊದಲೇ ಹೋಗುತ್ತದೆ. ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಆಡುವವರೆಲ್ಲರ ಒಟ್ಟು ಲೆಕ್ಕ ಯಾವಾಗಲೂ ನಷ್ಟವೇ. 'ಇವತ್ತಿನ ಖಚಿತ ಟಿಪ್' ಅನ್ನುವುದನ್ನು ನಮ್ಮ ಪತ್ರಿಕೆ ಹಾಕುವುದಿಲ್ಲ.

ಮುಂದಿನ ಡರ್ಬಿಗೆ ನಾವು ಮಾಡುವುದು ಇಷ್ಟು. ನಮ್ಮ ಬರಹಗಾರರು 'ಇದೇ ಗೆಲ್ಲುತ್ತದೆ' ಅಂತ ಬರೆಯುವುದಿಲ್ಲ. ಪ್ರತಿ ಕುದುರೆಗೂ ನೂರಕ್ಕೆ ಎಷ್ಟು ಅವಕಾಶ ಅಂತ ಬರೆಯುತ್ತಾರೆ, ಕಾರಣ ಕೊಡುತ್ತಾರೆ. ಆ ರಾತ್ರಿ ಬಾಕ್ಸಿಂಗ್ ಇದ್ದರೆ ಅದಕ್ಕೂ ಹಾಗೇ. ನೂರಕ್ಕೆ ಇಪ್ಪತ್ತು ಅಂತ ಬರೆದ ಕುದುರೆಗಳು ವರ್ಷವಿಡೀ ಐದಕ್ಕೆ ಒಂದರಂತೆ ಗೆದ್ದಿವೆಯೇ ಅಂತ ಡಿಸೆಂಬರ್ ಸಂಚಿಕೆಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇವೆ. ನಿಮ್ಮ ಅಂಕಿಗಳನ್ನೂ ಕಳಿಸಿ, ಪಕ್ಕದ ಕಾಲಮಿನಲ್ಲೇ ಹಾಕೋಣ. ಆದರೆ ರೇಸಿಗೆ ಮುಂಚೆ ಕಳಿಸಬೇಕು ಸರ್.

— ಸಂಪಾದಕ