ಅಮ್ಮನ ಚಿಕಿತ್ಸೆಯ ನಿರ್ಧಾರ ಯಾರ ಕೈಯಲ್ಲಿ?

ಪ್ರಶ್ನೆ: ಮೆದುಳಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿದ ನಮ್ಮ ತಾಯಿ (76 ವರ್ಷ) ಮೂರು ವಾರಗಳಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಚೇತರಿಕೆಯ ಭರವಸೆ ಇಲ್ಲವೆಂದೇ ಹೇಳುವ ವೈದ್ಯರು, ಈಗ ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಹಾಕಲು ಒಪ್ಪಿಗೆ ಕೇಳುತ್ತಿದ್ದಾರೆ. ಹಿರಿಯ ಮಗನಾದ್ದರಿಂದ ಸಹಿಯ ಹಕ್ಕು ತನ್ನದು, ಮದುವೆಯಾಗಿ ಹೋದ ಮಗಳು ನಡುವೆ ಬರಬಾರದು ಎಂಬುದು ಅಣ್ಣನ ವಾದ. ಬಿಲ್ಲಿನ ಬಹುಪಾಲು ಕಟ್ಟುತ್ತಿರುವ ಅಮೆರಿಕದ ತಮ್ಮ, ಏನೇ ಆದರೂ ಚಿಕಿತ್ಸೆ ನಿಲ್ಲಿಸಕೂಡದೆನ್ನುತ್ತಾನೆ. ತಂದೆಯವರು ಇದೇ ರೀತಿ ತೀರಿಕೊಂಡ ಮೇಲೆ ತಾಯಿ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ‘ನನಗೆ ಹೀಗಾದರೆ ಪೈಪು ಹಾಕಿ ಮಲಗಿಸಬೇಡಿ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದ್ದಾರೆ. ನಿರ್ಧರಿಸುವ ಹಕ್ಕು ಯಾರದು? ಆ ಬರಹಕ್ಕೆ ಬೆಲೆ ಇದೆಯೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಹಿರಿಯ ಮಗ ಎಂಬ ಕಾರಣಕ್ಕೆ ಚಿಕಿತ್ಸೆಯ ನಿರ್ಧಾರವನ್ನು ಒಬ್ಬರ ಕೈಗೆ ಕೊಡುವ ಕಾನೂನು ನಮ್ಮಲ್ಲಿಲ್ಲ, ಹಣ ಕಟ್ಟುವವರಿಗೂ ಅಂಥ ಹಕ್ಕಿಲ್ಲ, ಮಗಳ ಮದುವೆಯಿಂದ ಅವಳ ಮಾತಿನ ತೂಕವೂ ಇಳಿಯುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ‘ರೋಗಿಗೆ ಸಂಬಂಧ’ ಎಂಬಲ್ಲಿ ‘ಮಗ’ ಎಂದು ಬರೆದು ಸಹಿ ಹಾಕಿದವರು ತಾಯಿಯ ಪರವಾಗಿ ಮಾತನಾಡುತ್ತಿದ್ದಾರೆಯೇ ಹೊರತು ತಾಯಿಯ ಮೇಲೆ ಅಧಿಕಾರ ಪಡೆದಂತಾಗುವುದಿಲ್ಲ. ಆದ್ದರಿಂದ ನೀವು ಮೂವರೂ ಕೇಳಿಕೊಳ್ಳಬೇಕಾದದ್ದು, ತಾಯಿಗೆ ಮಾತು ಬಂದಿದ್ದರೆ ಏನು ಹೇಳುತ್ತಿದ್ದರು ಎಂಬುದನ್ನು.

ಆ ಹಾಳೆ ಮುಖ್ಯವಾಗುವುದು ಇಲ್ಲಿಯೇ. ಗೌರವದಿಂದ ಸಾಯುವುದು ಸಂವಿಧಾನದ 21ನೇ ವಿಧಿಯಡಿಯ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪು ನೀಡಿ, ಮುಂಗಡ ವೈದ್ಯಕೀಯ ನಿರ್ದೇಶನವನ್ನು, ಅಂದರೆ ಲಿವಿಂಗ್ ವಿಲ್ ಅನ್ನು, ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿದಾಗಲೂ ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು ಎಂಬ ಷರತ್ತುಗಳು ಉಳಿದುಕೊಂಡವು. ನಿಮ್ಮ ತಾಯಿಯ ಬರಹದಲ್ಲಿ ಇವಿಲ್ಲದಿರುವುದರಿಂದ ಅದು ವಿಧಿವತ್ತಾದ ನಿರ್ದೇಶನವಾಗುವುದಿಲ್ಲ. ಆದರೂ ಅವರ ಇಚ್ಛೆ ಏನಿತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ನಿಮ್ಮ ಮನೆಯಲ್ಲಿ ಬೇರೊಂದಿಲ್ಲ. ಅದರ ಪ್ರತಿಯನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಲಿಖಿತ ಮನವಿಯೊಂದಿಗೆ ಕೊಟ್ಟು, ಕಡತದಲ್ಲಿ ಸೇರಿಸುವಂತೆ ಕೇಳಿ. ಮೂಲಪುಸ್ತಕ ನಿಮ್ಮಲ್ಲೇ ಇರಲಿ.

ನಿರ್ದೇಶನ ಇಲ್ಲದ ರೋಗಿಗೂ ದಾರಿ ಇದೆ. ಚಿಕಿತ್ಸೆ ನೀಡುವ ವೈದ್ಯರು ಮತ್ತು ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ, ಗುಣವಾಗುವ ಆಸೆ ಇಲ್ಲವೆಂದು ಕಂಡರೆ, ಕುಟುಂಬದೊಂದಿಗೆ ಚರ್ಚಿಸಿ ಅದನ್ನು ದಾಖಲಿಸಿ, ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆ ಪಡೆದು ಅಭಿಪ್ರಾಯ ಕೊಡುತ್ತದೆ. ಬೇರೆ ವೈದ್ಯರ ಎರಡನೆಯ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಇವು ಅಭಿಪ್ರಾಯ ತಿಳಿಸಬೇಕು, ಯಂತ್ರ ತೆಗೆಯುವ ಮೊದಲು ಆಸ್ಪತ್ರೆಯು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ‘ನಮ್ಮಲ್ಲಿ ಹಾಗೆಲ್ಲ ಮಾಡುವುದಿಲ್ಲ’ ಎಂದು ಆಡಳಿತ ವಿಭಾಗದವರು ತಳ್ಳಿಹಾಕಿದರೆ ಆ ಸುತ್ತೋಲೆಯನ್ನು ಮುಂದಿಡಿ.

ಇಷ್ಟಾದರೂ, ಮನೆಯವರು ಜಗಳವಾಡುತ್ತಿರುವಾಗ ಯಾವ ಆಸ್ಪತ್ರೆಯೂ ವೆಂಟಿಲೇಟರ್ ತೆಗೆಯಲು ಮುಂದಾಗುವುದಿಲ್ಲ. ಕೇಸಿನ ಭಯ ಅವರಿಗೂ ಇದೆ. ಹೈಕೋರ್ಟಿನ ಬಾಗಿಲು ತೆರೆದಿದ್ದರೂ ಮೊದಲು ಅಲ್ಲಿಗೆ ಓಡುವುದು ನನಗೆ ಸರಿಕಾಣದು. ನರರೋಗ ತಜ್ಞರು ಮತ್ತು ಐಸಿಯು ವೈದ್ಯರೊಂದಿಗೆ ಮೂವರೂ ಒಟ್ಟಿಗೆ ಕೂರುವಂತೆ ಸಮಯ ಗೊತ್ತುಮಾಡಿಸಿ, ತಮ್ಮನನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳಿ. ಮೂರು ಕಡೆ ಮೂರು ಸಲ ಹೇಳಿದ ಮಾತು ಮೂರು ಅರ್ಥ ಪಡೆಯುತ್ತದೆ. ಅರ್ಧ ಜಗಳ ಹುಟ್ಟುವುದೇ ಅಲ್ಲಿ. ಕತ್ತಿನ ನಳಿಕೆಯಿಂದ ಪ್ರಜ್ಞೆ ಮರಳುವ ಸಾಧ್ಯತೆ ಹೆಚ್ಚುತ್ತದೆಯೇ, ಅಥವಾ ಇದೇ ಸ್ಥಿತಿಯ ನಿರ್ವಹಣೆ ಸುಲಭವಾಗುತ್ತದಷ್ಟೆಯೇ ಎಂದು ನೇರವಾಗಿ ಕೇಳಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆಂದು ತಮ್ಮ ಕೇಳಿದರೆ ತಡೆಯಬೇಡಿ. ಬೇಕಿದ್ದರೆ ಇನ್ನೊಂದು ವಾರ ನೋಡಿ, ಇಂತಿಂಥ ಬದಲಾವಣೆ ಕಾಣದಿದ್ದರೆ ಮುಂದಿನ ನಿರ್ಧಾರ ಎಂದು ವೈದ್ಯರಿಂದಲೇ ಗಡುವು ಹಾಕಿಸಿಕೊಳ್ಳಬಹುದು. ದೂರದಲ್ಲಿರುವ ಮಗನಿಗೆ ಅಪರಾಧಿ ಭಾವ ಕಳೆಯಲು ಇದು ಬಹಳ ಸಲ ಸಾಕಾಗುತ್ತದೆ.

ಚಿಕಿತ್ಸೆ ನಿಲ್ಲಿಸುವುದೆಂದರೆ ತಾಯಿಯನ್ನು ಕೈಬಿಡುವುದು ಎಂದು ಅವನು ತಿಳಿದಿರಬಹುದು. ವೆಂಟಿಲೇಟರ್ ತೆಗೆದರೂ ನೋವು, ಉಸಿರಾಟದ ಸಂಕಟ ತಗ್ಗಿಸುವ ಉಪಶಾಮಕ ಆರೈಕೆ ಕೊನೆಯವರೆಗೂ ನಡೆಯುತ್ತದೆ ಎಂಬುದನ್ನು ವೈದ್ಯರ ಬಾಯಿಂದಲೇ ಅವನಿಗೆ ಹೇಳಿಸಿ. ನೀವು ಹೇಳಿದರೆ ಅದೂ ವಾದದ ಒಂದು ಪಟ್ಟಾಗಿ ಅವನಿಗೆ ಕೇಳಿಸೀತು.